ಮನೆಯೊಳಗಿನ ಬದಲಿ

ಅಂದು ಬೆಳಿಗ್ಗೆ ಹನುಮವ್ವ ಎರಡು ಡಬ್ಬಿ ಕಟ್ಟಿ ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟಳು. ಒಂದರ ಮೇಲೊಂದು ನಾಲ್ಕು ಗಿಂಡಿ ಪೇರಿಸಿದ ಸ್ಟೀಲಿನ ಊಟದ ಡಬ್ಬಿ ಒಂದು. ಇನ್ನೊಂದು ಒಂದೇ ಗಿಂಡಿಯದು, ಮುಚ್ಚಳ ಸೊಟ್ಟಗಾದದ್ದು. ದೊಡ್ಡದು ಲಾರಿ ಹೊಡೆಯುವವನಿಗೆ, ಸಣ್ಣದು ಅವನ ಕೈಕೆಳಗಿನ ಕ್ಲೀನರನಿಗೆ. ವಾಸ್ಕೋ ಬಂದರಿನ ಬಳಿಯ ಸಡಾ ದಿಬ್ಬದ ಮೇಲಿನ ಆ ಎರಡು ಕೋಣೆಯ ಮನೆಯಲ್ಲಿ ಇದು ಮೊದಲಿನಿಂದ ನಡೆದುಬಂದದ್ದು. ಬಹಳ ವರ್ಷ ದೊಡ್ಡ ಡಬ್ಬಿ ಹಿರಿಯ ಮಗ ಬಾಲಪ್ಪನದಾಗಿತ್ತು, ಸಣ್ಣದು ಕಿರಿಯ ಮಗ ಮಾಂತೇಶನದು. ಬಾಲಪ್ಪ ಬೆನ್ನಿನ ಆಪರೇಷನ್ ಮಾಡಿಸಿಕೊಂಡು ಹಾಸಿಗೆ ಹಿಡಿದ ಮೇಲೆ ಲಾರಿಯೂ ದೊಡ್ಡ ಡಬ್ಬಿಯೂ ಮಾಂತೇಶನ ಕೈಗೆ ಹೋದವು. ಸಣ್ಣದು ಅಟ್ಟ ಸೇರಿತು. ಇಂದು ಹನುಮವ್ವ ಅದನ್ನು ಇಳಿಸಿ, ತೊಳೆದು, ತುಂಬಿದ್ದಳು. ಯಾವುದು ಯಾರಿಗೆ ಎಂದು ಮಾತ್ರ ಹೇಳಲಿಲ್ಲ.

ಬಾಲಪ್ಪ ಖಾಕಿ ಅಂಗಿ ತೊಟ್ಟು ಒಳಕೋಣೆಯಿಂದ ಬಂದ. ಅಂಗಿಯ ಒಳಗೆ ಆಸ್ಪತ್ರೆಯಲ್ಲಿ ಕೊಟ್ಟ ಸೊಂಟದ ಪಟ್ಟಿ ಉಬ್ಬಿ ಕಾಣುತ್ತಿತ್ತು.

"ಎಲ್ಲಿಗೆ ಸವಾರಿ?" ಎಂದಳು ಅವನ ಹೆಂಡತಿ ಹುಲಿಗೆಮ್ಮ. ದಾಬೋಲಿಮ್‌ನ ಹೋಟೆಲೊಂದರಲ್ಲಿ ನೆಲ ಒರೆಸುವ ಕೆಲಸಕ್ಕೆ ಹೊರಟು ಅವಳು ಚಪ್ಪಲಿ ಹುಡುಕುತ್ತಿದ್ದಳು.

"ಗಾಡಿಗೆ."

"ಯಾರು ಕರದಾರ?"

"ನನ್ನ ಗಾಡಿಗೆ ನನ್ನ ಯಾರು ಕರೀಬೇಕು? ಡಾಕ್ಟರು ಇನ್ನ ಹೊಡೀಬಹುದು ಅಂದಾರ."

"ಹಗೂರಕ ಅಂದಾರ. ಅದನ್ನ ಯಾಕ ನುಂಗ್ತಿ?"

ಮಾಂತೇಶ ತಲೆ ಎತ್ತದೆ ರೊಟ್ಟಿ ಮುಗಿಸಿದ. ಎದ್ದು ಕೈ ತೊಳೆದ. ಗೋಡೆಯ ಮೇಲೆ ಯಲ್ಲಮ್ಮನ ಫೋಟೋದ ಕೆಳಗೆ ಒಂದು ಮೊಳೆ, ಮೊಳೆಗೆ ಲಾರಿಯ ಕೀಲಿ. ಬಾಲಪ್ಪ ಅತ್ತ ಎರಡು ಹೆಜ್ಜೆ ಇಡುವಷ್ಟರಲ್ಲಿ ಮಾಂತೇಶ ಕೀಲಿ ತೆಗೆದು ಕಿಸೆಗೆ ಹಾಕಿದ.

"ಶೇಟ್ ಇನ್ನೂ ಏನೂ ಹೇಳಿಲ್ಲಣ್ಣಾ."

"ಶೇಟಗ ನಾ ಹೇಳ್ತೇನಿ. ಕೀಲಿ ತಾ."

"ಅವ ಹೇಳ್ಲಿ, ಕೊಡ್ತೇನಿ."

"ನಿನಗ ಗೇರ್ ಹಾಕಾಕ ಕಲಿಸಿದಾಂವ ಯಾರು?"

"ನೀನ. ಇಲ್ಲ ಅಂದ್ನೇನು?"

ಬಾಲಪ್ಪನ ಮಗಳು ಅಂಬಿಕಾ ಕಾಲೇಜಿಗೆ ಹೊರಟು ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುತ್ತಿದ್ದಳು. "ಕಾಕಾ, ಸಣ್ಣ ಡಬ್ಬಿ ನಿನ್ನ ಕಡೆನ ನೋಡಾಕತ್ತೈತಿ ನೋಡು" ಎಂದಳು.

"ನಿಮ್ಮಪ್ಪನ ಕಡೆ ನೋಡಾಕತ್ತೈತಿ" ಎಂದ ಮಾಂತೇಶ ದೊಡ್ಡ ಡಬ್ಬಿಗೆ ಕೈ ಹಾಕಿದ.

ಹುಲಿಗೆಮ್ಮ ಬಾಗಿಲಿಗೆ ಅಡ್ಡ ನಿಂತಳು. "ಒಯ್ತಿ ಒಯ್ಯಿ. ಸಂಜೀಕ ತೊಳದು ತಾ. ನಿನ್ನಿದು ಬ್ಯಾಳಿ ಒಣಗಿ ಕಲ್ಲಾಗಿತ್ತು, ಕೆರದು ಕೆರದು ನನ್ನ ಉಗುರು ಹೋದೂವು."

"ಮನ್ಯಾಗ ಮೂರು ಮಂದಿ ಹೆಣ್ಮಕ್ಕಳಿದ್ದು ನಾ ಡಬ್ಬಿ ತೊಳೀಬೇಕೇನು, ವೈನಿ?" ಎನ್ನುತ್ತ ಅವನು ದಿಬ್ಬ ಇಳಿದುಹೋದ.

ಸಣ್ಣ ಡಬ್ಬಿ ಕಟ್ಟೆಯ ಮೇಲೆ ಉಳಿಯಿತು. ಬಾಲಪ್ಪ ಅದನ್ನು ಮುಟ್ಟಲಿಲ್ಲ. ಮಧ್ಯಾಹ್ನ ಹನುಮವ್ವ ಅದನ್ನು ಬಿಚ್ಚಿ ತಾನೇ ಉಂಡಳು.

ಬಾಲಪ್ಪ ನೇರ ಲಾರಿಯ ಮಾಲಕ ಮೋತಿಲಾಲ ಶೇಟನ ಆಫೀಸಿಗೆ ಹೋದ. ಬಂದರಿನ ಗೇಟಿನ ಹತ್ತಿರ ತಗಡಿನ ಮಾಡಿನ ಒಂದು ಕೋಣೆ. ಶೇಟನ ಮೂರು ಲಾರಿ ಬಂದರಿನಿಂದ ಕಲ್ಲಿದ್ದಲು ತುಂಬಿಕೊಂಡು ಕಾರ್ಖಾನೆಗಳಿಗೆ ಹೋಗುತ್ತಿದ್ದವು. ಡ್ರೈವರರೆಲ್ಲ ಕನ್ನಡದವರೇ ಆದ್ದರಿಂದ ಅವನಿಗೂ ಒಂದು ನಮೂನೆ ಕನ್ನಡ ಬರುತ್ತಿತ್ತು.

"ಅರೇ ಬಾಲಪ್ಪಾ! ನಡೀತಾ ಬಂದಿ? ಬೈಠ್, ಬೈಠ್."

"ಕೂಡ್ರಾಕ ಬಂದಿಲ್ಲ ಶೇಟ್. ಡ್ಯೂಟಿಗೆ ಬಂದೇನಿ."

ಶೇಟ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ನೋಡು, ನೀನು ಭೀ ಚಲೋ, ನಿನ್ನ ತಮ್ಮ ಭೀ ಚಲೋ. ನಂಗೆ ಗಾಡಿ ನಿಲ್ಲಬಾರದು, ಅಷ್ಟೇ. ಗಾಡಿ ಒಂದು, ಮನೆ ಭೀ ಒಂದು. ನಾ ಯಾಕೆ ನಡುವೆ? ಮನೇಲಿ ಮಾತಾಡಿ ಬಾ. ಯಾರು ಕೀಲಿ ತರ್ತಾರೆ, ಅವರು ಡ್ರೈವರ್."

"ಅವ ಕೀಲಿ ಕೊಡವಲ್ಲ ಶೇಟ್. ನೀವು ಹೇಳ್ರಿ."

"ನಾ ಹೇಳಿದ್ರೆ ನಿಮ್ಮ ಮನೇಲಿ ಜಗಳ."

"ಜಗಳ ಆಗಲೇ ಐತಿ."

"ಹಾಂ, ಅದಕ್ಕೇ ನಾ ಹೇಳಲ್ಲ."

ಅಲ್ಲಿಂದ ಅವನು ಲಾರಿ ಅಡ್ಡೆಗೆ ಬಂದ. ಹಾರ್ಬರ್ ರಸ್ತೆಯ ಬದಿ ಚಹಾದ ಗಾಡಿಯ ಸುತ್ತ ಡ್ರೈವರರು ಕೂಡುತ್ತಿದ್ದ ಜಾಗ. ಅವರಲ್ಲಿ ಹಿರಿಯ ವಿಜಯಪುರದ ಶಹಾಬುದ್ದೀನ. ಬಾಲಪ್ಪನಿಗೆ ಸ್ಟೇರಿಂಗ್ ಹಿಡಿಸಿದವನೂ ಅವನೇ. ಆ ಅಡ್ಡೆಯಲ್ಲಿ ಒಂದು ಕಟ್ಟಳೆ ಇತ್ತು. ಡ್ರೈವರ ಬೇನೆ ಬಿದ್ದರೆ ಅವನ ಸೀಟಿನ ಮೇಲೆ ಇನ್ನೊಬ್ಬ ಬದಲಿಯಾಗಿ ಕೂಡುತ್ತಾನೆ. ಮೊದಲಿನವನು ಗುಣವಾಗಿ ಬಂದ ದಿನ ಬದಲಿ ಎದ್ದು ಎಡಗಡೆ, ಕ್ಲೀನರನ ಜಾಗದಲ್ಲಿ, ಕೂಡಬೇಕು. ಬಂದವನು ತುಂಬಿದ ಲಾರಿಯನ್ನು ಬಂದರಿನಿಂದ ತೆಗೆದು, ಸಾಲಿನಲ್ಲಿ ನಿಂತು, ತೂಕದ ಕಾಟಾ ದಾಟಿಸಬೇಕು. ದಾಟಿಸಿದರೆ ಸೀಟು ಅವನದು. ಬದಲಿ ಏಳದಿದ್ದರೆ ಆ ಲಾರಿಗೆ ಯಾರೂ ಸಾಲಿನಲ್ಲಿ ಜಾಗ ಬಿಡುವುದಿಲ್ಲ. ಮಾಲಕರೂ ಇದನ್ನು ಒಪ್ಪಿಕೊಂಡಿದ್ದರು.

"ಚಾಚಾ, ನೀವಾದ್ರೂ ಮಾಂತ್ಯಾನ ಎಬ್ಬಸ್ರಿ" ಎಂದ ಬಾಲಪ್ಪ.

ಶಹಾಬುದ್ದೀನ ಬಸಿಗೆ ಚಹಾ ಸುರಿದು ಅವನ ಮುಂದೆ ಸರಿಸಿದ. "ಹೊರಗಿನವನಾದ್ರ ಇವತ್ತ ಎಬ್ಬಸ್ತಿದ್ವಿ. ಒಡಹುಟ್ಟಿದ ತಮ್ಮನ್ನ ಹ್ಯಾಂಗ ಎಬ್ಬಸೂದು ಹೇಳು? ನಾಳೆ ನೀವಿಬ್ಬರೂ ಒಂದ ತಾಟಿನ್ಯಾಗ ಉಣ್ತೀರಿ, ನಾವು ಕೆಟ್ಟವರಾಗ್ತೇವಿ. ಅವತ್ತ ನಾ ಬಡಕೊಂಡೆ. ಡ್ರೈವರ ಗೋಪಪ್ಪ ಖಾಲಿ ಅದಾನ, ಅವನ್ನ ಕೂಡ್ರಸ್ತೇನಿ ಅಂದೆ. ನಿಮ್ಮವ್ವ ಕೇಳಿದಳೇನು?"

ನಿಜ. ಬಾಲಪ್ಪ ಆಸ್ಪತ್ರೆಯಲ್ಲಿದ್ದಾಗ ಹನುಮವ್ವ ಮಾಂತೇಶನ ಕೈ ಹಿಡಿದು ಇದೇ ಅಡ್ಡೆಗೆ ಬಂದಿದ್ದಳು. ಸೀಟು ಹೊರಗಿನವರಿಗೆ ಹೋಗಬಾರದು, ಮನೆಯಲ್ಲೇ ಇರಲಿ ಎಂದು ತಾನೇ ಹೇಳಿ ಕೂಡಿಸಿದ್ದಳು. ಮುದುಕಿ ಶಾಣ್ಯಾಳು ಎಂದು ಅಂದು ಎಲ್ಲರೂ ಹೊಗಳಿದ್ದರು.

"ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ" ಎಂದ ಶಹಾಬುದ್ದೀನ. "ದಾಬೋಲಿಮ್ ಕಡೆ ಬಿಲ್ಡಿಂಗ್ ಏಳಾಕತ್ತಾವು. ನನ್ನ ಪರಿಚಯದವಂದು ನೀರಿನ ಟ್ಯಾಂಕರ್ ಐತಿ. ಸಣ್ಣ ಗಾಡಿ, ಕ್ಲಚ್ ಹೂವಿನಂಗ. ಸಾಲು ಇಲ್ಲ, ಕಾಟಾ ಇಲ್ಲ."

"ನೀರು ಹೊರೂದು ಹೆಂಗಸರ ಕೆಲಸ ಚಾಚಾ."

"ಹೊರೂದಲ್ಲೋ, ಹೊಡೆಯೂದು."

"ಎರಡೂ ಒಂದ" ಎಂದು ಬಾಲಪ್ಪ ಎದ್ದುಹೋದ. ಬಸಿಯ ಚಹಾ ಹಾಗೇ ಉಳಿಯಿತು.

ಆಮೇಲಿನ ವಾರಗಳಲ್ಲಿ ಅವನು ಬೇರೆ ಮಾಲಕರ ಬಾಗಿಲು ತಟ್ಟಿದ. ವಾಸ್ಕೋದಲ್ಲಿ ಕೇಳಿದ, ಅದಿರಿನ ಲಾರಿಗಳಿರುವ ಸಾವರ್ಡೆ ಕಡೆಗೂ ಬಸ್ಸು ಹತ್ತಿ ಹೋದ. ಎಲ್ಲರೂ ಕೂಡಿಸಿ ಮಾತಾಡಿಸಿದರು. ಎಲ್ಲರೂ ಕೊನೆಗೆ ಕೇಳಿದ್ದು ಒಂದೇ: "ನಿನ್ನ ಗಾಡಿ ಏನಾತು?" ತಮ್ಮ ಹೊಡೆಯುತ್ತಾನೆ ಎಂದರೆ, "ಸ್ವಂತ ತಮ್ಮ ಸೈತ ಸೀಟು ಬಿಟ್ಟುಕೊಡವಲ್ಲ ಅಂದಮ್ಯಾಲೆ ನಿನ್ನ ಕಾಲು ಸರಿಯಾಗಿರಲಿಕ್ಕಿಲ್ಲ" ಎನ್ನುತ್ತಿದ್ದರು. ಕಾಲು ಸರಿಯಾಗಿದೆ ಎಂದು ತೋರಿಸಲು ಲಾರಿ ಬೇಕು. ಲಾರಿ ಸಿಗಬೇಕಾದರೆ ಕಾಲು ಸರಿಯಾಗಿದೆ ಎಂದು ತೋರಿಸಬೇಕು. ಬಾಲಪ್ಪ ಬಸ್ಸಿನಲ್ಲಿ ಕೂತು ಮನೆಗೆ ಬರುವಾಗ ಡ್ರೈವರನ ಕಾಲನ್ನೇ ನೋಡುತ್ತ ಬರುತ್ತಿದ್ದ.

ಬೆನ್ನಿನ ಆಪರೇಷನ್ ಆದ ಮೇಲೆ ಕ್ಲಚ್ ಒತ್ತುವ ಎಡಗಾಲಿಗೆ ತುಸು ಬಲ ಕಡಿಮೆಯಾದದ್ದು ಸುಳ್ಳಲ್ಲ. ಅವನು ಮನೆಯಲ್ಲಿ ಕುರ್ಚಿ ಹಾಕಿಕೊಂಡು, ಜೋಳದ ಚೀಲವನ್ನು ಗೋಡೆಗೆ ಆನಿಸಿ, ಎಡಗಾಲಿನಿಂದ ಒತ್ತಿ ಒತ್ತಿ ಬಿಡುತ್ತಿದ್ದ. ಚೀಲ ಒತ್ತಿ ಹಿಡಿದು, ಬಾಯಲ್ಲಿ ಏನೋ ಎಣಿಸಿ, ಮೆಲ್ಲಗೆ ಬಿಡುವುದು.

"ಅಪ್ಪಾ, ಎಲ್ಲಿಮಟ ಬಂತು ಗಾಡಿ? ಮಡಗಾಂವ ದಾಟೀತೇನು?" ಎಂದು ಅಂಬಿಕಾ ನಗುತ್ತಿದ್ದಳು.

"ನಗು. ಈ ಕಾಲಿನ ಮ್ಯಾಲೆ ನಿನ್ನ ಕಾಲೇಜು ನಿಂತೈತಿ."

"ಈಗ ಅವ್ವನ ನೆಲ ಒರಸೂ ಅರಿವಿ ಮ್ಯಾಲೆ ನಿಂತೈತಿ" ಎಂದಳು ಹುಡುಗಿ. ಹನುಮವ್ವ ಅವಳ ಬೆನ್ನಿಗೆ ಒಂದು ಗುದ್ದಿದಳು. ಆದರೆ ಮಾತು ಆಡಿಯಾಗಿತ್ತು.

ಒಂದು ದಿನ ಹುಲಿಗೆಮ್ಮ ಕೆಲಸದಿಂದ ಬಂದವಳು ಚೀಲದ ಹೊಲಿಗೆ ಬಿಚ್ಚಿಹೋಗಿ ಜೋಳ ನೆಲಕ್ಕೆ ಹರಡಿದ್ದನ್ನು ಕಂಡಳು. ಬ್ಯಾಗು ಕೆಳಗಿಡದೆಯೇ ಶುರುಮಾಡಿದಳು.

"ಕೂಳು ತುಳದು ಡ್ರೈವರ್ ಆಗ್ತಿಯೇನು? ಕುಂತು ಕುಂತು ಇದೊಂದು ಕಲತಿ. ಸಂಜೀ ನಳ ಬರ್ತೈತಿ, ಎರಡು ಕೊಡ ನೀರು ಹಿಡದಿಡಾಕ ಆಗೂದಿಲ್ಲ?"

"ಭಾರ ಎತ್ತಬಾರದು ಅಂದಾರ."

"ಲಾರಿ ಎತ್ತತೇನಿ ಅಂತಿ, ಕೊಡ ಎತ್ತಾಕ ಬರೂದಿಲ್ಲ!"

ಮುಂದಿನ ಸಲ ನಳ ಬಂದಾಗ ಅವನು ಹಟಕ್ಕೆ ಬಿದ್ದು ಕೊಡ ಹಿಡಿದು ನಳಕ್ಕೆ ಹೋದ. ಹೆಂಗಸರ ಸಾಲಿನಲ್ಲಿ ಖಾಕಿ ಅಂಗಿ ತೊಟ್ಟವನು ಅವನೊಬ್ಬನೇ. ಅವನ ಸರದಿ ಬಂತು, ಕೊಡ ತುಂಬಿತು. ಅವನು ಬಗ್ಗಿದ, ಅರ್ಧಕ್ಕೆ ನಿಂತ, ಮತ್ತೆ ನೆಟ್ಟಗಾದ. ಹಿಂದೆ ನಿಂತಿದ್ದ ನೆರೆಮನೆಯ ಸೋಮಿಬಾಯಿ, "ಸರೀರಿ ಅಣ್ಣಾರ, ನಳ ಹೋಗ್ತೈತಿ" ಎಂದು ಒಂದೇ ಕೈಯಲ್ಲಿ ಅವನ ಕೊಡ ಎತ್ತಿ ಪಕ್ಕಕ್ಕಿಟ್ಟಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದಾದರೂ ಬರಬಹುದಿತ್ತು. ಅಂಬಿಕಾ ಹೋಗಿ ಕೊಡ ತಂದಳು.

ಅದೇ ವಾರ ಇಳಕಲ್ಲಿನಿಂದ ಫೋನು ಬಂತು. ಮಾಂತೇಶನಿಗೆ ಅಲ್ಲಿ ಹೆಣ್ಣು ಗೊತ್ತಾಗಿತ್ತು. ಹುಡುಗ ಡ್ರೈವರ್ ಎಂದೇ ಅವರು ಒಪ್ಪಿದ್ದರು. ಮದುವೆಯ ದಿನ ಹಿಡಿಯಲು ಬರುತ್ತೇವೆ ಎಂದರು. ರಾತ್ರಿ ಊಟಕ್ಕೆ ಕೂತಾಗ ಮಾಂತೇಶ ಇದನ್ನು ಹೇಳಿ, "ಯವ್ವಾ, ಈಗ ನಾ ಎಡಗಡೆ ಹೋಗಿ ಕುಂತ್ರ ಅವರಿಗೆ ಏನಂತ ಹೇಳ್ಲಿ? ಕ್ಲೀನರಗ ಹೆಣ್ಣು ಕೊಡ್ರಿ ಅಂತೀನೇನು?" ಎಂದ.

ಬಾಲಪ್ಪ ತಾಟು ಸರಿಸಿದ. "ಹಂಗಾದ್ರ ನಾ ಸಾಯೂತನಾ ಚೀಲ ಒತ್ತಕೋತ ಕೂಡ್ರಲೇನು?"

"ಬ್ಯಾರೆ ಗಾಡಿ ನೋಡು."

"ನೀ ನೋಡು ಬ್ಯಾರೆ ಗಾಡಿ! ನಿನ್ನ ಕಾಲು ನೆಟ್ಟಗದಾವು, ನಿನಗ ಯಾರಾದ್ರೂ ಕೊಡ್ತಾರ. ನನಗ ನನ್ನ ಗಾಡಿ ಬಿಟ್ಟು ಯಾರೂ ಕೊಡೂದಿಲ್ಲ, ತಿಳಿತೇನು? ಈ ಒಂದು ಗಾಡಿನ ನನ್ನ ಕಾಲಿಗೆ ಸಾಕ್ಷಿ!"

"ಹೊಸಬ ಡ್ರೈವರಗ ಗಾಡಿ ಯಾರು ಕೊಡ್ತಾರೋ ಅಣ್ಣಾ? ನಿನ್ನ ತಮ್ಮ ಅಂತ ಶೇಟ್ ಇಟಗೊಂಡಾನ."

"ಹಾಂ! ನನ್ನ ಹೆಸರಿನ ಮ್ಯಾಲೆ ಕುಂತು ನನಗ ಬಾಗಲಾ ಹಾಕ್ತಿ."

ಹುಲಿಗೆಮ್ಮ ಸೌಟನ್ನು ಪಾತ್ರೆಗೆ ಬಡಿದಳು. ಅತ್ತೆಯ ಕಡೆ ತಿರುಗಿದಳು. "ಎಲ್ಲಾ ನಿಮ್ಮ ಪುಣ್ಯಾರಿ ಅತ್ತಿ. ಗೋಪಪ್ಪ ಕುಂತಿದ್ರ ಇಷ್ಟೊತ್ತಿಗೆ ಎದ್ದು ಹೋಗಿರ್ತಿದ್ದ. ಮನ್ಯಾಗ ಇರ್ಲಿ, ಮನ್ಯಾಗ ಇರ್ಲಿ ಅಂದ್ರಿ. ಈಗ ನೋಡ್ರಿ, ಮನ್ಯಾಗ ಐತಿ ಜಗಳ."

"ನಾ ನಿನ್ನ ಗಂಡಗಂತನ ಮಾಡಿದ್ನವ್ವಾ."

"ಮಾಡಿದ್ರಿ, ಹೌದ್ರಿ. ಮುರಿಯಾಕ ಬರ್ದಂಗ ಮಾಡಿದ್ರಿ."

ಹನುಮವ್ವ ತಾಟು ಎತ್ತಿದಳು. ಬಾಲಪ್ಪ ಬಿಟ್ಟ ಅನ್ನಕ್ಕೆ ನೀರು ಹಾಕಿ ಮುಚ್ಚಿಟ್ಟಳು. ಮರುದಿನ ಎಲ್ಲರೂ ಹೊರಹೋದ ಮೇಲೆ ಅದನ್ನು ಮಜ್ಜಿಗೆಯಲ್ಲಿ ಕಲಸಿ ಉಂಡು, ಸೆರಗು ಹೊದ್ದು, ಬಾಗಿಲಿಗೆ ಚಿಲಕ ಹಾಕಿ ದಿಬ್ಬ ಇಳಿದಳು.

ಅಡ್ಡೆಯಲ್ಲಿ ಚಹಾದ ಹೊತ್ತು. ಅವಳು ಬರುವುದನ್ನು ಕಂಡು ಡ್ರೈವರರು ಬೆಂಚು ಬಿಟ್ಟುಕೊಟ್ಟರು. ಮಾಂತೇಶ ತನ್ನ ಲಾರಿಯ ಟಯರು ಬಡಿದು ನೋಡುತ್ತಿದ್ದವನು ಅಲ್ಲಿಂದಲೇ, "ಯವ್ವಾ, ಡಬ್ಬಿ ತಂದೇನಿ, ಮರತಿಲ್ಲ" ಎಂದ.

"ಡಬ್ಬಿ ಕೊಡಾಕ ಬಂದಿಲ್ಲ" ಎಂದಳು ಹನುಮವ್ವ. ಶಹಾಬುದ್ದೀನನ ಮುಂದೆ ಕೂತಳು. "ಶಹಾಬುದ್ದೀನಪ್ಪಾ, ಅವತ್ತ ಬದಲಿ ಕೂಡ್ರಿಸಿದಾಕಿ ನಾನ. ಅವ ನನ್ನ ಮಗ ಅಂತ ನೀವು ಸುಮ್ಮನದೀರಿ. ಮಗ ಅಂತ ಹಿಡೀಬ್ಯಾಡ್ರಿ. ಬದಲಿ ಅಂತ ಹಿಡೀರಿ. ಹೊರಗಿನವಗ ಏನು ಮಾಡ್ತಿದ್ರಿ, ಅದನ್ನ ಇವಗೂ ಮಾಡ್ರಿ."

ಚಹಾದವನು ಸಹ ಸೋಸುವುದನ್ನು ನಿಲ್ಲಿಸಿದ.

"ಅವ್ವಾ, ತಿಳದು ಮಾತಾಡಾಕತ್ತೀರೇನ್ರಿ?" ಎಂದ ಶಹಾಬುದ್ದೀನ.

"ದಿಬ್ಬ ಇಳಿಯೂದರಾಗ ಎರಡು ಸಲ ಕುಂತು, ತಿಳಕೊಂಡ ಬಂದೇನಿ."

ಮಾಂತೇಶ ಬಂದು ಅವಳೆದುರು ನಿಂತ. ಕೈಯಲ್ಲಿ ಟಯರು ಬಡಿಯುವ ರಾಡು ಹಾಗೇ ಇತ್ತು. "ನಾ ಹೊರಗಿನವನೇನು ಯವ್ವಾ?"

"ಈ ಮಾತಿನ್ಯಾಗ ಹೊರಗಿನಾಂವ."

"ಇಷ್ಟು ಮಂದ್ಯಾಗ ಅಂದಿ."

"ಮಂದ್ಯಾಗ ಕೂಡ್ರಿಸಿದ್ದೆ. ಮಂದ್ಯಾಗ ಅನ್ನಬೇಕಾತು."

ಅವನು ತಿರುಗಿ ನಡೆದ. ಕ್ಯಾಬಿನ್ನಿಗೆ ಹತ್ತಿ, ದೊಡ್ಡ ಡಬ್ಬಿ ತಂದು ಅವಳ ಕಾಲ ಹತ್ತಿರ ಇಟ್ಟ. ಮುಚ್ಚಳ ಬಿಚ್ಚಿರಲಿಲ್ಲ. ಅಂದು ಸಂಜೆ ಅವನು ಮನೆಗೆ ಬರಲಿಲ್ಲ. ಲಾರಿಯಲ್ಲೇ ಮಲಗಿದ, ಹೋಟೆಲಿನಲ್ಲಿ ಉಂಡ. ಬಾಲಪ್ಪನಿಗೆ ಮಾತ್ರ ಅಡ್ಡೆಯಿಂದ ಯಾರೋ ಸುದ್ದಿ ತಂದರು: ಸೋಮವಾರ ಬೆಳಿಗ್ಗೆ ಬಂದರಿಗೆ ಬಾ, ಮಾಂತೇಶ ಸೀಟು ಬಿಟ್ಟಿರುತ್ತಾನೆ.

ಸೋಮವಾರ ದೊಡ್ಡ ಡಬ್ಬಿ ಹಿಡಿದು ಬಾಲಪ್ಪ ಹೋದಾಗ ಲಾರಿ ತುಂಬಿ ನಿಂತಿತ್ತು. ಕೀಲಿ ಸೀಟಿನ ಮೇಲಿತ್ತು. ಮಾಂತೇಶ ಎಡಗಡೆ ಕೂತು ಹೊರಗೆ ನೋಡುತ್ತಿದ್ದ. ಬಾಲಪ್ಪ ಹತ್ತಿ ಕೂತ. ಅವನು ಹಾಕಿಸಿದ್ದ ಹಸಿರು ಪರದೆ ಹೋಗಿ ಕೆಂಪು ಪರದೆ ಬಂದಿತ್ತು. ಸೀಟು ತುಸು ಹಿಂದೆ ಸರಿದಿತ್ತು. ಅವನು ಅದನ್ನು ಮುಂದೆ ಎಳೆದುಕೊಂಡು ಕೀಲಿ ತಿರುಗಿಸಿದ.

ಗೇಟಿನವರೆಗೆ ಲಾರಿ ಚೆನ್ನಾಗಿಯೇ ಬಂತು. ಬಾಲಪ್ಪನಿಗೆ ಹಾಡಬೇಕೆನಿಸಿತು. "ಗೇರ್ ಭಾಳ ಬಿಗಿ ಇಟ್ಟೀಯಲ್ಲೋ" ಎಂದ.

ಗೇಟು ದಾಟಿದರೆ ಕಾಟಾದ ಸಾಲು. ಕಾಟಾ ಏರಿನ ಮೇಲೆ. ಮುಂದೆ ಹತ್ತಾರು ಲಾರಿ. ಒಂದು ತೂಕಕ್ಕೆ ಏರಿದರೆ ಹಿಂದಿನವೆಲ್ಲ ಒಂದು ಲಾರಿಯಷ್ಟು ಸರಿಯಬೇಕು, ಮತ್ತೆ ನಿಲ್ಲಬೇಕು. ಹಳೆಯ ಗಾಡಿ, ತುಂಬಿದಾಗ ಹ್ಯಾಂಡ್‌ಬ್ರೇಕು ಹಿಡಿಯುತ್ತಿರಲಿಲ್ಲ. ಕ್ಲಚ್ ಅರ್ಧ ಒತ್ತಿ, ಬಿಟ್ಟು, ಮತ್ತೆ ಒತ್ತಿ ಹತ್ತಿಸಬೇಕು. ಬೇರೆ ಕಾಲದಲ್ಲಿ ಬಾಲಪ್ಪ ಇದನ್ನು ಎಲೆ ಅಡಿಕೆ ಹಾಕಿಕೊಳ್ಳುತ್ತ ಮಾಡುತ್ತಿದ್ದ.

ಮೂರ್ನಾಲ್ಕು ಸಲ ಸರಿಯಿತು. ಆಮೇಲೆ ಎಡತೊಡೆ ನಡುಗತೊಡಗಿತು. ಬಾಲಪ್ಪ ಕೈಯಿಂದ ಮೊಣಕಾಲು ಒತ್ತಿ ಹಿಡಿದ. ಜೋಳದ ಚೀಲ ತಿರುಗಿ ಒತ್ತುತ್ತಿರಲಿಲ್ಲ, ಕ್ಲಚ್ ಒತ್ತುತ್ತಿತ್ತು. ಮುಂದಿನ ಲಾರಿ ಸರಿಯಿತು. ಅವನು ಬ್ರೇಕು ಬಿಟ್ಟ, ಕಾಲು ಜಾರಿತು. ಎಂಜಿನ್ ಕುಪ್ಪಳಿಸಿ ಬಂದ್ ಆಯಿತು. ಲಾರಿ ಹಿಂದಕ್ಕೆ ಜರುಗಿತು.

"ಮಾಂತ್ಯಾ!"

ಮಾಂತೇಶ ಆಗಲೇ ಕೆಳಗಿದ್ದ. ಕಾಲಡಿ ಇಟ್ಟುಕೊಂಡಿದ್ದ ಕಲ್ಲನ್ನು ಹಿಂದಿನ ಗಾಲಿಗೆ ಕೊಟ್ಟ. ಲಾರಿ ನಿಂತಿತು. ಹಿಂದೆ ಗೇಣು ದೂರದಲ್ಲಿ ಶಹಾಬುದ್ದೀನನ ಲಾರಿಯ ಮೂತಿ.

ಅಲ್ಲಿಂದ ಮುಂದೆ ಮಾಂತೇಶ ಮೇಲೆ ಹತ್ತಲಿಲ್ಲ. ಕಲ್ಲು ಹಿಡಿದು ಗಾಲಿಯ ಪಕ್ಕದಲ್ಲೇ ನಡೆದ. ಲಾರಿ ಒಂದು ಹೆಜ್ಜೆ ಏರಿದರೆ ಕಲ್ಲು ಕೊಡುವುದು, ಮತ್ತೆ ತೆಗೆಯುವುದು. ಬಿಸಿಲು ಏರುತ್ತಿತ್ತು. ಕಲ್ಲಿದ್ದಲಿನ ಪುಡಿ ಅವನ ಬೆವರಿಗೆ ಮೆತ್ತಿ ಮುಖವೇ ಕಾಣುತ್ತಿರಲಿಲ್ಲ. ಕಲ್ಲು ಕೊಡದೆ ಒಂದು ಸಲ ಸುಮ್ಮನಿದ್ದಿದ್ದರೆ ಸಾಕಿತ್ತು, ಸೀಟು ಅವನದೇ ಆಗುತ್ತಿತ್ತು. ಕನ್ನಡಿಯಲ್ಲಿ ಬಾಲಪ್ಪ ಅವನ ಬಗ್ಗಿದ ಬೆನ್ನನ್ನು ನೋಡುತ್ತಿದ್ದ. ಬಗ್ಗುವುದು, ಏಳುವುದು, ಬಗ್ಗುವುದು. ಹಾಗೆ ಬಗ್ಗಲು ತನಗೆ ಇನ್ನು ಆಗುವುದಿಲ್ಲ. ಕ್ಲೀನರ ಆಗುವುದೂ ಆಗುವುದಿಲ್ಲ.

ಲಾರಿ ಕಾಟಾ ದಾಟಿತು. ಶಹಾಬುದ್ದೀನ ತನ್ನ ಕ್ಯಾಬಿನ್ನಿನಿಂದ ಕೈ ಎತ್ತಿ, "ದಾಟಿತಪಾ, ದಾಟಿತು. ಸೀಟು ನಿಂದು!" ಎಂದು ಕೂಗಿದ. ಕಂಡದ್ದನ್ನು ಕಾಣದಂತೆ ನುಂಗಿಕೊಳ್ಳಲು ಅವನು ತಯಾರಿದ್ದ.

ಬಾಲಪ್ಪ ಏರು ಮುಗಿದಲ್ಲಿ ಲಾರಿಯನ್ನು ಬದಿಗೆ ಹಾಕಿ ನಿಲ್ಲಿಸಿದ. ಇಳಿಯಲು ಎರಡು ಸಲ ಪ್ರಯತ್ನ ಮಾಡಿದ. ಎಡಗಾಲು ನೆಲಕ್ಕೆ ಊರುತ್ತಿರಲಿಲ್ಲ. ಬಾಗಿಲು ಹಿಡಿದೇ ನಿಂತ.

"ಯಾಕ ಕಲ್ಲು ಕೊಟ್ಟಿ?" ಎಂದ ತಮ್ಮನಿಗೆ.

"ಕೊಡದ ಇದ್ರ ಚಾಚಾನ ಗಾಡಿಗೆ ಬಡೀತಿತ್ತು."

"ಅಷ್ಟಕ್ಕ?"

"ಮತ್ತೆಷ್ಟಕ್ಕ? ಗಾಡಿ ಮ್ಯಾಲೆ ಕ್ಲೀನರ್ ಇದ್ದಮ್ಯಾಲೆ ಕಲ್ಲು ಕೊಡ್ತಾನ."

ಬಾಲಪ್ಪ ಕೀಲಿಯನ್ನು ಅವನತ್ತ ಎಸೆದ. ಅದು ಮಾಂತೇಶನ ಎದೆಗೆ ಬಡಿದು ನೆಲಕ್ಕೆ ಬಿತ್ತು. "ಹತ್ತು. ನನ್ನ ಕಾಲಿನ ಮಾತು ಎಲ್ಲೆರ ಆಡಿದಿ, ಹಲ್ಲು ಉದುರಸ್ತೇನಿ" ಎಂದು ಕುಂಟುತ್ತ ಬಸ್‌ಸ್ಟಾಪಿನ ಕಡೆ ನಡೆದ. ದೊಡ್ಡ ಡಬ್ಬಿ ಕ್ಯಾಬಿನ್ನಿನಲ್ಲೇ ಉಳಿಯಿತು. ಮಾಂತೇಶ ಅದನ್ನು ಮುಟ್ಟಲಿಲ್ಲ. ಆ ಸಂಜೆ ಶಹಾಬುದ್ದೀನ ಅದನ್ನು ಮನೆಗೆ ಮುಟ್ಟಿಸಿದ. ಬೇಳೆ ಹಳಸಿತ್ತು.

ಏನಾಯಿತೆಂದು ಬಾಲಪ್ಪ ಮನೆಯಲ್ಲಿ ಹೇಳಲಿಲ್ಲ. ಹುಲಿಗೆಮ್ಮ ಕೇಳಲಿಲ್ಲ. ಮುಲಾಮು ತಂದು ಅವನ ತೊಡೆಗೆ ಉಜ್ಜಿದಳು, ಉಜ್ಜುವಾಗ ಬೈದಳು. "ಚಲೋ ಇದ್ದಾಗ ಬುದ್ಧಿ ಇರ್ಲಿಲ್ಲ, ಕೆಟ್ಟ ಮ್ಯಾಲೆ ಹ್ಯಾಂಗ ಬರ್ತೈತಿ. ಇತ್ತಾಗ ತಿರುಗು. ತಿರುಗು ಅಂದ್ರ!"

ಬಾಲಪ್ಪ ಗೋಡೆಯ ಕಡೆ ಮುಖ ಮಾಡಿ, "ಆ ನೀರಿನ ಗಾಡೀದು ಕೇಳ್ಲೇನು?" ಎಂದ.

"ಯಾರನ್ನ ಕೇಳ್ತಿ? ನನ್ನನ್ನೋ, ಗೋಡೀನೋ?"

"ನೀರು ಹೊಡೆಯಾಂವ ಅಂತಾರ ಮಂದಿ."

"ಅನ್ಲಿ. ನಮ್ಮ ಓಣಿ ನಳ ಎರಡು ದಿನಕ್ಕೊಮ್ಮೆ ಬರ್ತೈತಿ. ನೀನರ ಬಾಗಲತನಾ ಬಾ."

ಹೀಗೆ ಬಾಲಪ್ಪ ನೀರಿನ ಟ್ಯಾಂಕರ್ ಹತ್ತಿದ. ಪಗಾರ ಕಡಿಮೆ, ಗಾಡಿ ಸಣ್ಣದು, ಹಾರ್ನು ಆಡಿನ ಮರಿ ಒದರಿದಂತೆ. ಬಿಲ್ಡಿಂಗಿನ ಮೇಸ್ತ್ರಿಗಳು ಅವನನ್ನು "ಏ ಪಾನಿವಾಲೇ" ಎಂದು ಕರೆಯುತ್ತಿದ್ದರು. ಮೊದಲ ದಿನ ಅವನು ತಿರುಗಿ ನೋಡಲಿಲ್ಲ. ಎರಡನೆಯ ದಿನ ನೋಡಿದ. ಖಾಕಿ ಅಂಗಿ ಬಿಚ್ಚಿಟ್ಟು ಬನಿಯನ್ನಿನಲ್ಲೇ ಹೋಗತೊಡಗಿದ. ಹನುಮವ್ವ ಅವನಿಗೆ ದೊಡ್ಡ ಡಬ್ಬಿ ಕೊಡಹೋದರೆ, "ಎರಡು ಟ್ರಿಪ್ಪಿನ ನಡುವ ಮನಿಗೆ ಬಂದು ಉಣ್ತೇನಿ. ಡಬ್ಬಿ ಲಾರಿಯವರಿಗೆ" ಎಂದು ಸಿಟ್ಟಿನಿಂದ ಹೇಳಿದ.

ಲಾರಿಯವನು ಮನೆಗೆ ಬರುತ್ತಿರಲಿಲ್ಲ. ಮೊಳೆ ಖಾಲಿ ಇತ್ತು. ಇಳಕಲ್ಲಿನವರು ದಿನ ಹಿಡಿಯಲು ಬರುವುದನ್ನು ಮಾಂತೇಶನೇ ಫೋನು ಮಾಡಿ ಮುಂದೆ ಹಾಕಿದ್ದ. ಅವರು ಮನೆಗೆ ಬಂದರೆ ತಾನು ಎಲ್ಲಿಂದ ಬಂದು ಕೂಡುವುದು ಎಂಬುದು ಅವನಿಗೂ ತಿಳಿದಿರಲಿಲ್ಲ.

"ಹೋಗಿ ಕರದು ಬರ್ರಿ" ಎಂದಳು ಹುಲಿಗೆಮ್ಮ ಅತ್ತೆಗೆ. "ಅಂದಾಕಿ ನೀವು."

"ಅಂದದ್ದು ಸುಳ್ಳಾಗಿದ್ರ ಕರೀತಿದ್ದೆ. ಸುಳ್ಳಲ್ಲ."

"ಹಂಗಂತ ಕೂಡ್ರತೀರೇನು?"

ಹನುಮವ್ವ ಸುಮ್ಮನೆ ಕೂಡಲಿಲ್ಲ. ಶುಕ್ರವಾರ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಗಟ್ಟಿ ಬೇಳೆ, ಅನ್ನ ಮಾಡಿ ನಾಲ್ಕೂ ಗಿಂಡಿ ತುಂಬಿ ಅಡ್ಡೆಗೆ ಹೋದಳು. ಮಾಂತೇಶ ಲಾರಿಯ ನೆರಳಿನಲ್ಲಿ ಗೋಣಿ ಹಾಸಿಕೊಂಡು ಕೂತಿದ್ದ. ಅವಳು ಡಬ್ಬಿಯನ್ನು ಗೋಣಿಯ ಮೇಲಿಟ್ಟಳು.

"ಯಾರಿಗೆ ಇದು?" ಎಂದ.

"ಡ್ರೈವರಗ."

"ಬದಲಿ ಡ್ರೈವರ್ ಹೋಟೆಲಿನ್ಯಾಗ ಉಣ್ತಾನ."

"ಬದಲಿ ಅಲ್ಲ ಈಗ. ಅವ ಕೀಲಿ ಕೊಟ್ಟಾನ."

"ಒಗದಾನ."

"ಒಗದ್ರೇನು, ಕೊಟ್ರೇನು. ಉಣ್ಣು. ಅವತ್ತ ಅಂದದ್ದು ಅಂದೇನಿ, ಮತ್ತ ಹಂಥಾ ಹೊತ್ತು ಬಂದ್ರ ಮತ್ತ ಅಂತೇನಿ. ಅದಕ್ಕ ಉಪಾಸ ಇರಬ್ಯಾಡ."

ಅವನು ಬಹಳ ಹೊತ್ತು ಡಬ್ಬಿ ಮುಟ್ಟಲಿಲ್ಲ. ಹನುಮವ್ವ ಗಾಲಿಗೆ ಒರಗಿ ಕೂತು ಎಲೆಗೆ ಸುಣ್ಣ ಹಚ್ಚಿದಳು. ಕಡೆಗೆ ಅವನು ಕ್ಲಿಪ್ಪು ಬಿಚ್ಚಿದ. ಒಂದು ರೊಟ್ಟಿ ಎಂದು ಶುರುವಾದದ್ದು ನಾಲ್ಕೂ ಗಿಂಡಿ ಮುಗಿಯಿತು.

"ಖಾರ ಭಾಳ ಆಗೇತಿ" ಎಂದ.

"ಹೋಟೆಲಿನ ಸಪ್ಪನ್ನದ್ದು ತಿಂದು ನಾಲಿಗಿ ಸತ್ತೈತಿ."

ಆಗ ರಸ್ತೆಯಲ್ಲಿ ನೀರಿನ ಟ್ಯಾಂಕರೊಂದು ತುಳುಕುತ್ತ ಹೋಯಿತು. ಬನಿಯನ್ ತೊಟ್ಟ ಡ್ರೈವರ ಅಡ್ಡೆಯ ಕಡೆ ಮುಖ ತಿರುಗಿಸಲಿಲ್ಲ. ಮಾಂತೇಶ ಕಿವಿಗೊಟ್ಟು ಕೇಳಿದ.

"ಗೇರ್ ಬದಲಸೂವಾಗ ಒದರಾಕತ್ತೈತಿ ನೋಡು. ಕ್ಲಚ್ ಪೂರಾ ಒತ್ತವಲ್ಲ. ಸೀಟು ಮುಂದ ಎಳಕೋ ಅಂತ ಹೇಳವಗ."

"ನೀನ ಬಂದು ಹೇಳು."

"ನಾ ಹ್ಯಾಂಗ ಹೇಳ್ಲಿ? ನಾ ಹೊರಗಿನಾಂವ."

ಅವನು ಗಿಂಡಿಗಳನ್ನು ಒಂದರ ಮೇಲೊಂದು ಪೇರಿಸಿ ಅವಳ ಕಡೆಗೆ ಸರಿಸಿದ. ಹನುಮವ್ವ ಮೇಲಿನ ಗಿಂಡಿ ಎತ್ತಿ ಒಳಗೆ ನೋಡಿದಳು.

"ಹೊರಗಿನಾಂವ ಆದ್ರ ಉಂಡ ಡಬ್ಬಿ ತೊಳದು ಕೊಡ್ತಾನ" ಎಂದಳು. "ನಳ ಅಲ್ಲೇ ಐತಿ."

ಮಾಂತೇಶ ನಳದ ಕಡೆ ನೋಡಿದ. ಡಬ್ಬಿಯ ಕಡೆ ನೋಡಿದ. ಏಳಲಿಲ್ಲ.

ಹನುಮವ್ವ ತುಸು ಕಾದಳು. ಆಮೇಲೆ ಬೇಳೆ ಮೆತ್ತಿದ ಗಿಂಡಿಗಳನ್ನು ಹಾಗೆಯೇ ಮುಚ್ಚಿ, ಕ್ಲಿಪ್ಪು ಬಿಗಿದು, ದಿಬ್ಬ ಹತ್ತತೊಡಗಿದಳು.